ಕೂಸಿನ ಹೊಟ್ಟೆ ಗಡಿಗೆಯ ಹಾಗೆ ದುಂಡಗಾದದ್ದು

ಲೋಕ ಇನ್ನೂ ಹೊಸದಾಗಿದ್ದಾಗಿನ ಮಾತು. ಎಷ್ಟು ಹೊಸದು ಎಂದರೆ, ಬೆಟ್ಟಗಳ ಮಣ್ಣು ಇನ್ನೂ ಹಸಿಯಾಗಿತ್ತು. ಹೊಳೆಗಳು ಯಾವ ಕಡೆ ಹರಿಯಬೇಕೆಂದು ತಿಳಿಯದೆ ಸಿಕ್ಕವರನ್ನೆಲ್ಲ ದಾರಿ ಕೇಳುತ್ತಿದ್ದವು. ಆಗ ಎಲ್ಲರಿಗೂ ಮಾತು ಬರುತ್ತಿತ್ತು. ಗಾಳಿಗೆ ಬರುತ್ತಿತ್ತು, ನೀರಿಗೆ ಬರುತ್ತಿತ್ತು, ಕಲ್ಲಿಗೂ ಬರುತ್ತಿತ್ತು. ಕಲ್ಲು ಮಾತ್ರ ಒಂದು ಮಾತು ಮುಗಿಸುವಷ್ಟರಲ್ಲಿ ಕೇಳುವವರು ಎದ್ದು ಹೋಗಿರುತ್ತಿದ್ದರು.

ಆ ಕಾಲದಲ್ಲಿ ಒಬ್ಬಳು ಹೆಂಗಸಿದ್ದಳು. ಎಲ್ಲರೂ ಅವಳನ್ನು ಮೊದಲವ್ವ ಎಂದು ಕರೆಯುತ್ತಿದ್ದರು. ಅವಳೂ ಅವಳ ಗಂಡನೂ ನಮ್ಮ ಹಾಗೆ ಕೂಸಾಗಿ ಹುಟ್ಟಿದವರಲ್ಲ. ದೊಡ್ಡವರಾಗಿಯೇ ಮಣ್ಣಿನಿಂದ ಎದ್ದು, ಮೈ ಕೊಡವಿಕೊಂಡು ನಡೆದು ಬಂದವರು.

ಹಾಗಾಗಿ ಮೊದಲವ್ವ ಬಸುರಿಯಾದಾಗ ಯಾರಿಗೂ ಏನೂ ಗೊತ್ತಿರಲಿಲ್ಲ. ಹೊಟ್ಟೆಯೊಳಗೆ ಕೂಸು ಹೇಗೆ ಬೆಳೆಯಬೇಕು, ಯಾವುದು ಮೊದಲು, ಯಾವುದು ಆಮೇಲೆ, ಯಾರು ಎಲ್ಲಿ ಕೂರಬೇಕು, ಇದನ್ನೆಲ್ಲ ಹೇಳಿಕೊಡಲು ಒಬ್ಬರೂ ಇರಲಿಲ್ಲ. ಮೊದಲವ್ವ ಪಾಪ ಹುಣಿಸೆಕಾಯಿ ಕಚ್ಚುತ್ತ ಮರದ ಕೆಳಗೆ ಕೂತಿದ್ದಳು. ಒಳಗಿದ್ದವರೇ ಎಲ್ಲವನ್ನೂ ತಾವಾಗಿ ಕಲಿಯಬೇಕಾಯಿತು.

ಕೂಸು ಎಂದರೆ ಆಗ ಒಳಗೆ ಒಂದು ಪುಟ್ಟ ಮನೆ, ಅಷ್ಟೇ. ಹೆಸರುಕಾಳಿನಷ್ಟೂ ದೊಡ್ಡದಲ್ಲ. ಗೋಡೆ ಇನ್ನೂ ಎದ್ದಿರಲಿಲ್ಲ, ಬಾಗಿಲಿಗೆ ಕದ ಬಂದಿರಲಿಲ್ಲ.

ಆ ಮನೆಗೆ ಮೊದಲು ಬಂದವನು ಗುಂಡಿಗೆ. ಬಂದವನೇ ತಮಟೆ ಬಾರಿಸಲು ಶುರು ಮಾಡಿದ. ಡಬ್ ಡಬ್, ಡಬ್ ಡಬ್. ಯಾಕಪ್ಪಾ ಬಾರಿಸುತ್ತೀಯ ಎಂದು ಕೇಳಿದರೆ ಅವನಿಗೂ ಗೊತ್ತಿಲ್ಲ. ನಿಲ್ಲಿಸಬಾರದು ಎಂಬುದಷ್ಟೇ ಅವನಿಗೆ ಗೊತ್ತಿತ್ತು.

ಅವನ ಬೆನ್ನಿಗೇ ಅವನ ಅಕ್ಕ ಕರುಳವ್ವ ಬಂದಳು. ತೆಳ್ಳಗೆ, ಉದ್ದಕ್ಕೆ ಇದ್ದ ಹೆಂಗಸು. ಮನೆಯ ಈ ತುದಿಯಿಂದ ಆ ತುದಿಯವರೆಗೆ ಕಾಲು ಚಾಚಿ ಮಲಗಿದಳು. ಮನೆಯ ಹೊರಗೆ, ಹೊಸ್ತಿಲಿಗೆ ಒರಗಿಕೊಂಡು ಬುತ್ತಿಯಜ್ಜಿ ಕೂತಿದ್ದಳು. ಅವಳ ಗಂಟಿನಲ್ಲಿ, ಮೊಟ್ಟೆಯೊಳಗಿನ ಹಳದಿಯ ಹಾಗೆ, ಎಲ್ಲರಿಗೂ ಆಗುವಷ್ಟು ದಾರಿಬುತ್ತಿ. ಗಂಟಿನ ಮೂಲೆಯಲ್ಲಿ ಒಂದು ಕುಡಿಕೆ. ಕುಡಿಕೆಯೊಳಗೆ ಕೆಂಪು ಹೆಪ್ಪು.

ಹಾಲಿಗೆ ಒಂದು ಚೂರು ಮೊಸರು ಬಿಟ್ಟು ಮುಚ್ಚಿಟ್ಟರೆ ಪಾತ್ರೆ ತುಂಬ ಮೊಸರಾಗುತ್ತದಲ್ಲ, ಆ ಚೂರು ಮೊಸರೇ ಹೆಪ್ಪು. ಅಜ್ಜಿಯ ಹೆಪ್ಪೂ ಹಾಗೆಯೇ. ಅದರ ಒಂದು ಹನಿಯನ್ನು ಸಿಹಿನೀರಿಗೆ ಬಿಟ್ಟರೆ ಸಾಕು, ಗಳಿಗೆಯಲ್ಲಿ ನೀರೆಲ್ಲ ಕೆಂಪಗೆ ನೆತ್ತರಾಗುತ್ತಿತ್ತು. ಅಜ್ಜಿ ನೆತ್ತರು ಮಾಡಿ ಕಳಿಸುತ್ತಿದ್ದಳು, ಗುಂಡಿಗೆ ಅದನ್ನು ಮನೆಯೆಲ್ಲ ಹಂಚುತ್ತಿದ್ದ. ಡಬ್ ಡಬ್, ಡಬ್ ಡಬ್.

ಹೀಗಿರುವಾಗ ಒಂದು ದಿನ ಕರುಳವ್ವನ ಪಕ್ಕೆಯಲ್ಲಿ ಒಂದು ಮೊಗ್ಗು ಮೂಡಿತು.

ಸಾಸಿವೆ ಕಾಳು ಅದರ ಪಕ್ಕದಲ್ಲಿ ನಿಂತಿದ್ದರೆ ದೊಡ್ಡಣ್ಣನ ಹಾಗೆ ಕಾಣುತ್ತಿತ್ತು. ಅವಳೇ ಈಲಿ. ದೊಡ್ಡ ಪುಸ್ತಕಗಳಲ್ಲಿ ಅವಳಿಗೆ ಯಕೃತ್ತು, ಪಿತ್ತಜನಕಾಂಗ ಎಂದೆಲ್ಲ ಉದ್ದುದ್ದ ಹೆಸರಿದೆ, ಡಾಕ್ಟರ ಬಾಯಲ್ಲಿ ಅವಳು ಲಿವರ್. ನಾವು ಈಲಿ ಎಂದೇ ಕರೆಯೋಣ. ಅಷ್ಟು ಚಿಕ್ಕವಳಿಗೆ ಅಷ್ಟು ಭಾರದ ಹೆಸರು ಯಾಕೆ?

ಕರುಳವ್ವನಿಗೆ ಮಗಳನ್ನು ಕಂಡು ಬಹಳ ಸಂತೋಷವಾಯಿತು. ನಮ್ಮ ವಂಶದವರ ಕೆಲಸ ಒಂದೇ, ಬಂದದ್ದನ್ನು ಮುಂದಕ್ಕೆ ತಳ್ಳುವುದು, ನೀನೂ ಅದನ್ನೇ ಕಲಿ ಎಂದು ಮೊದಲ ದಿನವೇ ಪಾಠ ಶುರು ಮಾಡಿದಳು. ಆದರೆ ಈಲಿಯ ಕಿವಿ ಅವ್ವನ ಕಡೆ ಇರಲಿಲ್ಲ. ಮೇಲುಗಡೆಯಿಂದ ಬರುತ್ತಿದ್ದ ತಮಟೆಯ ಕಡೆ ಇತ್ತು.

"ಅವ್ವ, ಮಾವ ಕರೀತಾವ್ರೆ" ಎಂದಳು.

"ಅವ್ನು ಯಾರ್ನೂ ಕರೀತಿಲ್ಲ ಕಣ್ ಮಗ. ಸುಮ್ನೆ ಬಡೀತಾವ್ನೆ. ಬಡಿಯೋದೇ ಅವ್ನ ಕೆಲ್ಸ."

"ಇಲ್ಲ ಕಣವ್ವ. ನನ್ನೇ ಕರೀತಾವ್ರೆ."

ಎಲ್ಲರಿಗೂ ಕೇಳಿಸುತ್ತಿದ್ದ ಸದ್ದು ಅದೊಂದೇ. ಆದರೆ ಅದರಲ್ಲಿ ಕರೆಯನ್ನು ಕೇಳಿಸಿಕೊಂಡವಳು ಈಲಿ ಒಬ್ಬಳೇ. ತಮಟೆ ಒಂದು ಸಲ ಡಬ್ ಎಂದರೆ ಅವಳು ಒಂದು ಕೂದಲೆಳೆಯಷ್ಟು ಮೇಲಕ್ಕೆ ಚಿಗುರುತ್ತಿದ್ದಳು. ಇನ್ನೊಂದು ಸಲ ಡಬ್ ಎಂದರೆ ಇನ್ನೊಂದು ಎಳೆ. ಕರುಳವ್ವ ಬೇಡ ಎನ್ನಲಿಲ್ಲ. ಹುಟ್ಟಿದ ತೊಟ್ಟನ್ನು ಮಾತ್ರ ಕಿತ್ತುಕೊಳ್ಳಬೇಡ, ನೀನು ಎಲ್ಲಿದ್ದರೂ ನನಗೆ ತಿಳಿಯಬೇಕು ಎಂದಳು. ಈಲಿ ತೊಟ್ಟನ್ನು ಬಿಡದೆ, ಅದನ್ನೇ ಉದ್ದ ಮಾಡಿಕೊಂಡು ಮಾವನ ಕಡೆ ಹೊರಟಳು.

ಗುಂಡಿಗೆಗೂ ಕರುಳವ್ವನಿಗೂ ನಡುವೆ ಒಂದು ಮೆತ್ತನೆಯ ಹೊಲವಿತ್ತು. ಅದು ಗುಂಡಿಗೆಯ ಹೆಂಡತಿ ವಪೆಯ ಹೊಲ. ಎದೆಗೂ ಹೊಟ್ಟೆಗೂ ನಡುವೆ ತೆರೆಯ ಹಾಗೆ ನಿಲ್ಲುವವಳು ಅವಳೇ. ವಪೆ ಹೆಚ್ಚು ಮಾತಿನವಳಲ್ಲ. ಗಂಡನ ಅಕ್ಕನ ಮಗಳು ಇಷ್ಟು ದೂರ ನಡೆದು ಬಂದಿದ್ದಾಳೆ ಎಂದು, ಬಾ ಇಲ್ಲೇ ಬೇರು ಬಿಡು ಎಂದು ಹೊಲ ಬಿಟ್ಟುಕೊಟ್ಟಳು. ಆ ಹದವಾದ ಮಣ್ಣಿನಲ್ಲಿ ಈಲಿ ಬೆರಳು ಬೆರಳಾಗಿ ಹರಡಿಕೊಂಡಳು.

ಅದೇ ಹೊಲದ ಮೇಲೆ ಒಂದು ಹೊಳೆ ಹರಿಯುತ್ತಿತ್ತು. ಮೊದಲವ್ವ ತಿಂದದ್ದರ ಸಾರವನ್ನೆಲ್ಲ ಹೊತ್ತು, ಹೊಕ್ಕುಳಬಳ್ಳಿಯ ಒಳಗಿನಿಂದ ಬಂದು, ನೇರ ಗುಂಡಿಗೆಯ ಮನೆಗೆ ಹೋಗುವ ಹೊಳೆ ಅದು. ಈಲಿ ಆ ಹೊಳೆಗೆ ಅಡ್ಡಲಾಗಿ ಕೂತು, ಗದ್ದೆಗೆ ನೀರು ಬಿಡುವವರ ಹಾಗೆ ಅದನ್ನು ನೂರಾರು ಕಾಲುವೆ ಮಾಡಿ ತನ್ನ ಹೊಲದೊಳಗೆ ತಿರುಗಿಸಿಕೊಂಡಳು.

ಹೊಳೆಗೆ ಸಿಟ್ಟು ಬಂತು. ನನಗೆ ಅವಸರ ಇದೆ, ದಾರಿ ಬಿಡು ಎಂದಿತು. ಅವಸರದ ನೀರಿಗೆ ಬೇರೆ ನೇರ ಕಾಲುವೆ ಬಿಟ್ಟಿದ್ದೇನೆ, ಉಳಿದದ್ದು ಒಂದು ಗಳಿಗೆ ನಮ್ಮ ಮನೆಯಲ್ಲಿ ಕೂತು ಹೋಗಲಿ ಎಂದಳು ಈಲಿ. ಹೊಳೆ ಗೊಣಗುತ್ತಲೇ ಒಳಗೆ ಬಂತು. ಬಂದ ಮೇಲೆ ಅದಕ್ಕೆ ಆ ಕಾಲುವೆಗಳ ತಂಪು ಹಿಡಿಸಿತು. ಆಮೇಲಿಂದ ಅದು ಯಾವತ್ತೂ ಈಲಿಯ ಮನೆ ಹೊಕ್ಕು ಬರದೆ ಮುಂದೆ ಹೋಗಲಿಲ್ಲ.

ಎಲ್ಲ ಸರಿಯಾಗಿತ್ತು. ಆದರೆ ಹೊರಗೆ ಬುತ್ತಿಯಜ್ಜಿಯ ಗಂಟು ಕರಗುತ್ತ ಬಂದಿತ್ತು.

ಮನೆ ಬೆಳೆದಂತೆ ಅಜ್ಜಿ ಸೊರಗಿದಳು. ಅವಳು ಮಾಡಿ ಕಳಿಸುವ ನೆತ್ತರು ಸಾಲದಾಯಿತು. ತಮಟೆಯ ಸದ್ದು ಒಣಗಿದ ಸೋರೆಬುರುಡೆ ಬಡಿದ ಹಾಗೆ ಕೇಳತೊಡಗಿತು. ಗುಂಡಿಗೆ ನಿಲ್ಲಿಸಲಿಲ್ಲ, ಆದರೆ ಅವನಿಗೆ ಹೆದರಿಕೆಯಾಯಿತು. ಹಂಚಲು ಏನೂ ಇಲ್ಲದಿದ್ದರೆ ಬಾರಿಸಿ ಏನು ಉಪಯೋಗ?

ನೆತ್ತರು ಮಾಡುವ ಕೆಲಸ ನ್ಯಾಯವಾಗಿ ಮೂಳೆಗಳದು. ಆದರೆ ಮೂಳೆಗಳು ಆಗಷ್ಟೇ ಬಂದು ಎಳೇ ಸೌತೆಕಾಯಿಯ ಹಾಗೆ ಮೆತ್ತಗೆ ಮಲಗಿದ್ದವು. ಅವಕ್ಕೆ ಒಳಗೆ ಜಾಗವೇ ಇರಲಿಲ್ಲ. ಕರುಳವ್ವನಿಗೆ ತಳ್ಳುವುದು ಬಿಟ್ಟು ಬೇರೆ ಕೆಲಸ ಬರದು.

ಈಲಿ ತಾನು ಮಾಡುತ್ತೇನೆ ಎಂದಳು. ನನ್ನ ಹೊಲದಲ್ಲಿ ಸಿಹಿನೀರು ಬೇಕಾದಷ್ಟಿದೆ, ಹೆಪ್ಪು ಒಂದಿದ್ದರೆ ಸಾಕು ಎಂದಳು. ಮೂಳೆಗಳು ಬಲಿಯುವ ತನಕ ಎಂದೂ ಸೇರಿಸಿದಳು. ಆ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ, ಯಾಕೆಂದರೆ ಅವಳು ಮರೆತುಬಿಟ್ಟಳು.

ಬುತ್ತಿಯಜ್ಜಿ ಹೊಳೆಯ ನೀರಿನಲ್ಲಿ ಕುಡಿಕೆಯನ್ನು ತೇಲಿ ಬಿಟ್ಟಳು. ಅದು ಈಲಿಯ ಕೈ ಸೇರಿತು.

"ಜ್ವಾಪಾನ ಕಣ್ ಕೂಸೆ" ಎಂದಳು ಅಜ್ಜಿ. "ಹೆಪ್ಪು ಯಾರ ಸೊತ್ತೂ ಅಲ್ಲ. ಕೇಳ್ಕಂಡು ಬಂದೋರ್ಗೆ ಇಲ್ಲ ಅನ್ಬ್ಯಾಡ."

ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಅಜ್ಜಿಯರಿಗೆ ಒಂದು ಮಾತು ಹೇಳಿ ಸುಮ್ಮನಾಗಲು ಬರುವುದಿಲ್ಲ. ನಮ್ಮ ನಿಮ್ಮ ಮನೆಯ ಅಜ್ಜಿಯರು ಇವತ್ತಿಗೂ ಹೇಳುವ ಇನ್ನೊಂದು ಮಾತನ್ನೂ ಅವಳು ಹೇಳಿದಳು. ಕತ್ತಲಾದ ಮೇಲೆ ಮಾತ್ರ ಯಾರಿಗೂ ಹೆಪ್ಪು ಕೊಡಬೇಡ ಎಂದಳು. ಹೇಳಿ, ಬರಿದಾದ ಗಂಟನ್ನು ತಲೆಯಡಿಗೆ ಇಟ್ಟುಕೊಂಡು, ಹಾಯಾಗಿ ಕಣ್ಣು ಮುಚ್ಚಿದಳು.

ಈಲಿ ಹೆಪ್ಪು ಹಾಕಿದಳು. ಕಾಲುವೆ ಕಾಲುವೆಯಲ್ಲೂ ನೆತ್ತರು ಕೆಂಪಗೆ ತುಂಬಿತು. ಗುಂಡಿಗೆ ಅದನ್ನು ಕೈತುಂಬ ತೆಗೆದುಕೊಂಡು ಮನೆಯೆಲ್ಲ ಎರಚಿದ. ಡಬ್ ಡಬ್, ಡಬ್ ಡಬ್. ಈಗ ತಮಟೆಗೆ ಚರ್ಮ ಕಾಯಿಸಿ ಹದ ಮಾಡಿದ ಹಾಗೆ ಗಟ್ಟಿ ಸದ್ದು ಬಂತು.

ನೆತ್ತರು ಬಂದದ್ದೇ ಮನೆಗೆ ಕಳೆ ಬಂತು. ಮೂಗು ಬಂತು. ಕಿವಿ ಬಂತು. ಹತ್ತು ಬೆರಳು ಬಂದವು, ಒಂದು ಹೆಬ್ಬೆರಳು ಬಂದ ಕೂಡಲೇ ಬಾಯಿ ಎಲ್ಲಿದೆ ಎಂದು ಹುಡುಕತೊಡಗಿತು. ಬಂದವರೆಲ್ಲ ಮೊದಲು ಈಲಿಯ ಹೆಸರು ಹೇಳುತ್ತಿದ್ದರು. ಈಲಿ ಇಲ್ಲದಿದ್ದರೆ ನಾವೆಲ್ಲಿ ಎನ್ನುತ್ತಿದ್ದರು.

ಈಲಿಗೆ ಅದನ್ನು ಕೇಳುವುದೆಂದರೆ ಬಲು ಇಷ್ಟ. ನನಗಾದರೂ ಇಷ್ಟವಾಗುತ್ತಿತ್ತು, ನಿಮಗೂ ಅಷ್ಟೇ. ಹೊಗಳಿಕೆ ಕೇಳಿ ಇನ್ನೂ ಇನ್ನೂ ಹೆಪ್ಪು ಹಾಕಿದಳು, ಹಾಕಿದಷ್ಟೂ ದಪ್ಪಗಾದಳು. ಬಲಗಡೆ ತುಂಬಿತು. ಎಡಗಡೆಗೂ ಕೈ ಚಾಚಿದಳು. ಎಡಗಡೆಯೂ ತುಂಬಿತು. ಹೊಟ್ಟೆ ಎಂಬ ಆ ಕೋಣೆಯಲ್ಲಿ ಎಲ್ಲಿ ನೋಡಿದರೂ ಈಲಿಯೇ.

ಅದೇ ಕೋಣೆಯಲ್ಲಿ ಕರುಳವ್ವನೂ ಇರಬೇಕಿತ್ತಲ್ಲ. ಅವಳೂ ಸುಮ್ಮನಿರಲಿಲ್ಲ, ದಿನಕ್ಕೊಂದು ಗೇಣು ಉದ್ದವಾಗುತ್ತಿದ್ದಳು. ಮಡಿಸಿಕೊಂಡಳು, ಮುದುರಿಕೊಂಡಳು, ಮೂಲೆಗೆ ಸರಿದಳು. ಕೊನೆಗೆ ಮೂಲೆಯೂ ಸಾಲದಾಯಿತು.

"ನಾಕ್ ದಿನ ಜಗಲಿ ಮ್ಯಾಲೆ ಇರ್ತೀನಿ ಬುಡು ಮಗ" ಎಂದಳು ಕರುಳವ್ವ. "ನಿನ್ ಕೆಲ್ಸ ನೀನ್ ಮಾಡ್ಕೊ."

ಜಗಲಿ ಎಂದರೆ ಹೊಕ್ಕುಳಬಳ್ಳಿಯ ಬುಡದಲ್ಲಿದ್ದ ಸಣ್ಣ ಟೊಳ್ಳು. ಕರುಳವ್ವ ಬಾಗಿಲು ದಾಟಿ ಅಲ್ಲಿ ಹೋಗಿ ಸುತ್ತಿಕೊಂಡು ಮಲಗಿದಳು. ಈಲಿ ಆಗಲಿ ಎಂದಳು, ತಲೆ ಎತ್ತಿ ನೋಡಲಿಲ್ಲ. ಕೆಲಸವಿತ್ತು. ಅವ್ವನಿಗೂ ತನಗೂ ನಡುವಿನ ತೊಟ್ಟು ಆಗಾಗ ಜಗ್ಗಿದ ಹಾಗಾಗುತ್ತಿತ್ತು, ಅಷ್ಟೇ.

ಸ್ವಲ್ಪ ಕಾಲ ಕಳೆದ ಮೇಲೆ ತೊಡೆಮೂಳೆ ಬಂದ. ಮೂಳೆಗಳಲ್ಲೆಲ್ಲ ಅವನೇ ದೊಡ್ಡವನು, ಉದ್ದನೆಯವನು, ಮರ್ಯಾದಸ್ಥ. ಅವನ ಮೈ ಈಗ ಗಟ್ಟಿಯಾಗತೊಡಗಿತ್ತು, ಒಳಗೆ ಬಿದಿರಿನ ಹಾಗೆ ಜಾಗವೂ ಆಗಿತ್ತು. ಒಂದು ಚೂರು ಹೆಪ್ಪು ಕೊಟ್ಟರೆ ನಾವೂ ನೆತ್ತರು ಮಾಡಿ ನೋಡುತ್ತೇವೆ ಎಂದು ಕೇಳಿದ.

ಈಲಿ ಕುಡಿಕೆಯನ್ನು ಅವುಚಿಕೊಂಡಳು.

"ಕತ್ಲಾಗದೆ ಕಣಪ್ಪ" ಎಂದಳು. "ಕತ್ಲಾದ್ಮೇಲೆ ಹೆಪ್ಪು ಕೊಡಂಗಿಲ್ಲ. ಅಜ್ಜಿ ಹೇಳವ್ರೆ."

ತೊಡೆಮೂಳೆ ಒಳ್ಳೆಯವನು. ಹೌದಲ್ಲ ಎಂದು ಹಿಂದಿರುಗಿ ಹೋದ. ಬೆಳಗಾಗಲಿ ಎಂದು ಕಾದ. ಬಹಳ ಹೊತ್ತು ಕಾದು ಮತ್ತೆ ಬಂದ. ಇನ್ನೂ ಕತ್ತಲೆ ಎಂದಳು ಈಲಿ. ಅವನು ಮತ್ತೆ ಹೋಗಿ, ಮತ್ತೆ ಕಾದು, ಮತ್ತೆ ಬಂದ. ಇನ್ನೂ ಕತ್ತಲೆ.

ಬಸಿರಿನೊಳಗೆ ಸೂರ್ಯ ಎಲ್ಲಿಂದ ಬರಬೇಕು? ಅಲ್ಲಿ ಯಾವಾಗಲೂ ಕತ್ತಲೆಯೇ. ತೊಡೆಮೂಳೆಗೆ ಅದು ಹೊಳೆಯಲಿಲ್ಲ. ಈಲಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಹೇಳಿದಳು.

ಅವಳು ಕೆಟ್ಟವಳಲ್ಲ, ಹೆದರಿದ್ದಳು. ಮೂಳೆಗಳು ನೆತ್ತರು ಮಾಡಿದರೆ ಆಮೇಲೆ ತಾನು ಯಾರು? ತಳ್ಳುವ ಕೆಲಸ ಕಲಿಯಲಿಲ್ಲ. ಬಾರಿಸುವ ಕೆಲಸ ಮಾವನದು. ಇರುವ ಒಂದು ಕೆಲಸವನ್ನೂ ಕೊಟ್ಟುಬಿಟ್ಟರೆ ಈ ಮನೆಯಲ್ಲಿ ತನ್ನನ್ನು ಯಾರು ಮಾತಾಡಿಸುತ್ತಾರೆ? ಹೀಗೆಂದುಕೊಂಡು ಕುಡಿಕೆಯನ್ನು ಇನ್ನೂ ಬಿಗಿಯಾಗಿ ಅವುಚಿಕೊಂಡಳು.

ಅಷ್ಟರಲ್ಲಿ ಹೊಟ್ಟೆಯ ಗೋಡೆಗಳು ಎದ್ದಿದ್ದವು. ಎಡದಿಂದ ಒಂದು, ಬಲದಿಂದ ಒಂದು, ಎರಡೂ ನಡುವಿಗೆ ಬಂದು ಸೇರುತ್ತಿದ್ದವು. ಕೂಸಿಗೆ ಗೋಡೆ ಬೇಕು, ಅದರಲ್ಲಿ ತಪ್ಪೇನಿಲ್ಲ. ಗೋಡೆಗಳು ಸೇರುವಲ್ಲಿ ಒಂದು ಬಾಗಿಲು ಉಳಿದಿತ್ತು. ಅದೂ ದಿನದಿನಕ್ಕೆ ಕಿರಿದಾಗುತ್ತಿತ್ತು.

ಅದನ್ನು ಮೊದಲು ನೋಡಿದವಳು ಮಾತು ಕಡಿಮೆ ಇದ್ದ ವಪೆ.

"ಈಲಿ, ಬಾಗ್ಲು ಮುಚ್ಕತಾ ಅದೆ" ಎಂದಳು. "ನಿಮ್ಮವ್ವ ಇನ್ನೂ ಆಚೇನೇ ಅವ್ರೆ."

ಈಲಿ ಆಗ ತಲೆ ಎತ್ತಿ ನೋಡಿದಳು.

ಜಗಲಿಯ ಮೇಲೆ ಕರುಳವ್ವ ಸುರುಳಿ ಸುತ್ತಿಕೊಂಡು ಕೂತಿದ್ದಳು. ಬಾಗಿಲಿನ ಹತ್ತಿರ ಬಂದು ಒಂದು ಮಡಿಕೆಯನ್ನು ಒಳಗೆ ತೂರಿಸಿ ನೋಡುವಳು. ಒಳಗೆ ಮಗಳು ತುಂಬಿಕೊಂಡಿದ್ದಾಳೆ, ಜಾಗವಿಲ್ಲ. ಮಡಿಕೆಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಳ್ಳುವಳು. ಮಗಳ ಕೆಲಸಕ್ಕೆ ತೊಂದರೆಯಾಗಬಾರದೆಂದು ಸದ್ದು ಕೂಡ ಮಾಡುತ್ತಿರಲಿಲ್ಲ. ಎಷ್ಟು ದಿನದಿಂದ ಹೀಗೆ ಮಾಡುತ್ತಿದ್ದಳೋ ಯಾರಿಗೆ ಗೊತ್ತು. ತೊಟ್ಟು ಅಷ್ಟು ಸಲ ಜಗ್ಗಿದ್ದು ಇದಕ್ಕೇ.

ಬಾಗಿಲು ಮುಚ್ಚಿಬಿಟ್ಟರೆ ಅವ್ವ ಹೊರಗೇ ಉಳಿಯುತ್ತಾಳೆ. ನಾಳೆ ಕೂಸು ಹುಟ್ಟುವಾಗ ಬಿಸಿಲಿಗೆ, ಗಾಳಿಗೆ, ಧೂಳಿಗೆ ಅವ್ವ ಬರೀ ಮೈಯಲ್ಲಿ ಬಿದ್ದಿರುತ್ತಾಳೆ. ಅದನ್ನು ನೆನೆದು ಈಲಿಗೆ ಅಳು ಒತ್ತಿಕೊಂಡು ಬಂತು.

ಉಸಿರು ಬಿಗಿಹಿಡಿದು ಸಣ್ಣಗಾಗಲು ನೋಡಿದಳು. ಆಗಲಿಲ್ಲ. ನೆತ್ತರು ಮಾಡುತ್ತಿರುವ ತನಕ ಮೈ ಉಬ್ಬುತ್ತಲೇ ಇರುತ್ತದೆ. ನೆತ್ತರು ಮಾಡುವುದನ್ನೇ ನಿಲ್ಲಿಸೋಣವೆಂದರೆ ಮಾವನ ತಮಟೆ ನಿಲ್ಲುತ್ತದೆ. ಉಳಿದದ್ದು ಒಂದೇ ದಾರಿ. ಆ ದಾರಿಯನ್ನು ಕತ್ತಲೆಯ ನೆಪ ಹೇಳಿ ಅವಳೇ ಮುಚ್ಚಿಕೊಂಡು ಕೂತಿದ್ದಳು.

ತೊಡೆಮೂಳೆಯನ್ನು ಕೂಗಿ ಕರೆದಳು. ಅವನು ಬಂದು, ಕೈ ಕಟ್ಟಿ ನಿಂತು, ಸುತ್ತಲೂ ನೋಡಿದ.

"ಇನ್ನೂ ಕತ್ಲೇನೇ ಅದಲ್ಲಕ್ಕ" ಎಂದ.

"ಕತ್ಲೆ ಇರ್ಲಿ ಕಣಪ್ಪ. ಅಜ್ಜಿ ಹೇಳಿದ್ ಮೊದಲ್ನೇ ಮಾತ್ ಬುಟ್ಟು, ನಂಗೆ ಬೇಕಾದ್ ಎರಡ್ನೇದ್ನ ಹಿಡ್ಕಂಡಿದ್ದೆ. ತಪ್ಪು ನಂದು. ಕೈ ಒಡ್ಡು."

ಕುಡಿಕೆಯ ಮುಚ್ಚಳ ತೆಗೆದು ಅವನ ಬೊಗಸೆಗೆ ಹೆಪ್ಪು ಸುರಿದಳು. ಅವನಿಗೆ ಕೊಟ್ಟು ಸುಮ್ಮನಾಗಲಿಲ್ಲ. ಹೊಳೆಯನ್ನು ಕರೆದು, ಪಕ್ಕೆಲುಬಿಗೆ ಇಷ್ಟು, ಬೆನ್ನುಮೂಳೆಗೆ ಇಷ್ಟು, ತೋಳಿನವನಿಗೆ ಇಷ್ಟು ಎಂದು ಕಳಿಸಿದಳು. ಕಾಲ ಕಿರುಬೆರಳಿನ ಮೂಳೆ ಬಹಳ ಚಿಕ್ಕವನು, ಅವನಿಗೂ ಮರೆಯದೆ ಒಂದು ಹನಿ ಕಳಿಸಿದಳು. ಅವಸರದ ಹೊಳೆ ಅಂದು ಒಂದು ಮಾತೂ ಗೊಣಗದೆ ಮನೆ ಮನೆಗೆ ಹೆಪ್ಪು ಮುಟ್ಟಿಸಿತು.

ಮೂಳೆಗಳು ಮೊದಮೊದಲು ಒಂದೊಂದು ಹನಿ ನೆತ್ತರು ಮಾಡಿದವು. ಆಮೇಲೆ ಬೊಗಸೆ ಬೊಗಸೆ. ಈಲಿಯ ಮೇಲಿನ ಭಾರ ಇಳಿಯಿತು. ಅವಳು ಉಬ್ಬುವುದನ್ನು ಕಡಿಮೆ ಮಾಡಿ, ಎಡಗಡೆ ಚಾಚಿದ್ದ ಕೈಯನ್ನು ಎಳೆದುಕೊಂಡು, ಬಲಗಡೆ ಪಕ್ಕೆಲುಬಿನ ಕೆಳಗೆ ಒತ್ತರಿಸಿ ಕೂತಳು. ಕೂತು, ತೊಟ್ಟನ್ನು ಎರಡು ಸಲ ಜಗ್ಗಿದಳು.

"ಅವ್ವ, ಜಾಗ ಆಗದೆ. ಬಾ."

ಕರುಳವ್ವ ಬಂದಳು. ಎಷ್ಟು ಹೊತ್ತು ಬಂದಳು ಗೊತ್ತೆ? ಬಂದಳು, ಬಂದಳು, ಬರುತ್ತಲೇ ಇದ್ದಳು. ಜಗಲಿಯ ಮೇಲಿದ್ದಷ್ಟು ದಿನವೂ ಅವಳು ಬೆಳೆದಿದ್ದಳಲ್ಲ! ಬಾಗಿಲು ಬೇರೆ ಚಿಕ್ಕದಾಗಿತ್ತು. ನೇರ ಬರಲಾಗದೆ ಒಂದು ಸುತ್ತು ತಿರುಗಿ, ಸುರುಳಿ ಸುರುಳಿಯಾಗಿ, ಬಾವಿ ಹಗ್ಗ ಸುತ್ತಿಟ್ಟ ಹಾಗೆ ಒಳಗೆ ಬಂದು ಕೂತಳು. ಸಣ್ಣ ಸುರುಳಿಗಳು ಮೊದಲು, ದಪ್ಪದವು ಹಿಂದೆ. ಆ ಸುರುಳಿಗಳನ್ನು ಅವಳು ಆಮೇಲೆ ಬಿಡಿಸಲೇ ಇಲ್ಲ, ಹಾಗೆ ಕೂರುವುದೇ ಸುಖ ಎಂದಳು.

ಅವಳ ಕೊನೆಯ ಮಡಿಕೆ ಒಳಗೆ ಬಂದದ್ದೇ ತಡ, ಗೋಡೆಗಳು ಕೂಡಿಕೊಂಡವು. ಹೊಳೆ ಹಾಯುವಷ್ಟು ಕಿಂಡಿ ಒಂದು ಉಳಿಯಿತು. ಗುಂಡಿಗೆಗೆ ಎಷ್ಟು ಖುಷಿಯಾಯಿತೆಂದರೆ ನಾಲ್ಕು ಏಟು ಹೆಚ್ಚಿಗೆ ಬಾರಿಸಿದ. ಡಬ್ ಡಬ್ ಡಬ್ ಡಬ್. ಹೊರಗೆ ಮೊದಲವ್ವ ಯಾಕೋ ಸುಮ್ಮಸುಮ್ಮನೆ ನಕ್ಕಳು.

ಆಮೇಲೆ ದಿನಗಳು ಉರುಳಿದವು. ಮೂಳೆಗಳು ಬಲಿತು, ನೆತ್ತರು ಮಾಡುವ ಕೆಲಸವನ್ನೆಲ್ಲ ತಾವೇ ವಹಿಸಿಕೊಂಡವು. ಈಲಿ ಖಾಲಿ ಕುಡಿಕೆಯನ್ನು ಮಡಿಲಲ್ಲಿಟ್ಟುಕೊಂಡು ಮುಖ ಸಣ್ಣದು ಮಾಡಿ ಕೂತಳು. ಅವ್ವ ಪಕ್ಕದಲ್ಲೇ ಇದ್ದಳು, ನೋಡಿದಳು.

"ಯಾಕ್ ಮಗ ಸಪ್ಪಗಿದ್ದೀಯ?"

"ನಂಗಿನ್ನೇನು ಕೆಲ್ಸ ಅದೆ ಹೇಳವ್ವ?"

ಕರುಳವ್ವ ಜೋರಾಗಿ ನಕ್ಕಳು. ಈಗಲೂ ನಮ್ಮ ಹೊಟ್ಟೆ ಆಗಾಗ ಗುಳುಗುಳು ಎನ್ನುತ್ತದಲ್ಲ, ಅದೇ ಅವಳ ನಗು. ನಕ್ಕು, ಮಗಳಿಗೆ ತಿಳಿಸಿ ಹೇಳಿದಳು. ನಾಳೆ ಕೂಸು ಹುಟ್ಟುತ್ತದೆ, ಹಾಲು ಕುಡಿಯುತ್ತದೆ. ನಾಡಿದ್ದು ಮಣ್ಣು ತಿನ್ನುತ್ತದೆ, ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತದೆ. ನನಗೆ ತಳ್ಳುವುದು ಗೊತ್ತು, ಆರಿಸುವುದು ಗೊತ್ತಿಲ್ಲ. ಯಾವುದು ಸಿಹಿ, ಯಾವುದು ವಿಷ, ಯಾವುದನ್ನು ಇವತ್ತು ಹಂಚಬೇಕು, ಯಾವುದನ್ನು ನಾಳೆಗೆ ಎತ್ತಿಡಬೇಕು, ಅದನ್ನೆಲ್ಲ ನೋಡುವವರು ಬೇಡವೇ? ಹೊಳೆಯನ್ನು ಮನೆಯೊಳಗೆ ಕೂರಿಸಿ ಪಳಗಿಸಿದವಳು ನೀನಲ್ಲದೆ ಇನ್ಯಾರು?

"ನಂಗೆ ಸಿಕ್ಕಿದ್ನೆಲ್ಲ ಮೊದ್ಲು ನಿನ್ ಮನೆಗೇ ಕಳಿಸ್ತೀನಿ" ಎಂದಳು ಕರುಳವ್ವ. "ನೀನ್ ನೋಡಿ ಸರಿ ಅಂದ್ಮೇಲೇ ನಿಮ್ಮಾವನ್ ಮನೆಗೆ."

ಈಲಿಯ ಮುಖ ಅರಳಿತು. ಅವ್ವ ಕಳಿಸುವುದಕ್ಕೆ ಬದಲಾಗಿ ತಾನೂ ಏನಾದರೂ ಕಳಿಸಬೇಕಲ್ಲ ಎಂದು ಕಹಿಯಾದ ಹಸಿರು ನೀರೊಂದನ್ನು ಕಾಯಿಸಿದಳು. ಜಿಡ್ಡು ಎಷ್ಟಿದ್ದರೂ ಕರಗಿಸುವ ನೀರು. ಅದನ್ನು ಎಲೆಅಡಿಕೆ ಸಂಚಿಯ ಹಾಗಿದ್ದ ಒಂದು ಪುಟ್ಟ ಚೀಲದಲ್ಲಿ ತುಂಬಿಟ್ಟು, ಹುಟ್ಟಿದ ತೊಟ್ಟಿನ ಮೂಲಕವೇ ಅವ್ವನಿಗೆ ಹನಿಹನಿಯಾಗಿ ಇಳಿಸಿದಳು. ಆ ತೊಟ್ಟನ್ನು ಅವಳು ಇಂದಿಗೂ ಬಿಟ್ಟಿಲ್ಲ, ಆ ನೀರು ಇಂದಿಗೂ ಅದೇ ದಾರಿಯಲ್ಲಿ ಇಳಿಯುತ್ತದೆ.

ದಿನ ತುಂಬಿತು. ಕೂಸು ಹುಟ್ಟಿತು.

ಆಗ ಲೋಕದಲ್ಲಿ ಸೂಲಗಿತ್ತಿಯರು ಇರಲಿಲ್ಲ. ಆ ಕೆಲಸಕ್ಕೆ ಗಾಳಿಯೇ ಬಂದಳು. ಬಂದು ಕೂಸಿನ ಮೂಗಿನಲ್ಲಿ ಮೊದಲ ಉಸಿರು ಊದಿದಳು. ಕೂಸು ಕಿಟಾರನೆ ಅತ್ತಿತು. ಹೊಕ್ಕುಳಬಳ್ಳಿಯ ಹೊಳೆ, ನನ್ನ ಕೆಲಸ ಮುಗಿಯಿತು ಎಂದು ಬತ್ತಿತು. ಆ ಒಣಗಿದ ಹೊಳೆಯ ಜಾಡು ಈಗಲೂ ಈಲಿಯ ಮನೆಯಿಂದ ಹೊಕ್ಕುಳಿನವರೆಗೆ ಒಂದು ದಾರದ ಹಾಗೆ ಉಳಿದಿದೆ.

ಮೊದಲವ್ವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ನೋಡಿದಳು. ಕೈ ಸಣ್ಣ, ಕಾಲು ಸಣ್ಣ, ಹೊಟ್ಟೆ ಮಾತ್ರ ಗಡಿಗೆಯ ಹಾಗೆ ದುಂಡಗಿತ್ತು. ಅವಳು ಹಿಂದೆ ಕೂಸನ್ನೇ ಕಂಡವಳಲ್ಲ. ಹೆದರಿಬಿಟ್ಟಳು.

"ಗಾಳಿಯಕ್ಕ, ಹೊಟ್ಟೆ ಯಾಕಿಂಗದೆ? ಕೂಸ್ಗೆ ಏನಾರ ಆಗದಾ?"

ಗಾಳಿ ಬಗ್ಗಿ ಕೂಸಿನ ಹೊಟ್ಟೆಯ ಮೇಲೆ ಕಿವಿ ಇಟ್ಟಳು. ಒಳಗೆ ಈಲಿ ಉಸಿರು ಬಿಗಿಹಿಡಿದು ಕೂತಿದ್ದಳು. ಅಷ್ಟು ಬೇಗ ಪೂರ್ತಿ ಸಣ್ಣಗಾಗಲು ಅವಳಿಂದ ಆಗಿರಲಿಲ್ಲ. ಎಲ್ಲರ ನೆತ್ತರನ್ನು ಒಬ್ಬಳೇ ಮಾಡಿದ ಮೈ ಅದು. ನಾನು ದಪ್ಪಗಿರುವುದಕ್ಕೆ ಅವ್ವನನ್ನು ಮತ್ತೆ ಹೊರಗೆ ಕಳಿಸಿಬಿಡುತ್ತಾರೇನೋ ಎಂದು ಅವಳಿಗೆ ಭಯ. ಪಕ್ಕದಲ್ಲಿದ್ದ ಅವ್ವನನ್ನು ಗಟ್ಟಿಯಾಗಿ ಒತ್ತಿಕೊಂಡಳು. ಅವ್ವನೂ ಮಗಳನ್ನು ಒತ್ತಿಕೊಂಡಳು. ಹೊಟ್ಟೆ ಇನ್ನಷ್ಟು ದುಂಡಗಾಯಿತು.

ಗಾಳಿ ಕಿವಿ ಇಟ್ಟು ಎಲ್ಲ ಕೇಳಿಸಿಕೊಂಡಳು. ಮೇಲೆ ತಮಟೆ, ಡಬ್ ಡಬ್, ಡಬ್ ಡಬ್. ಕೆಳಗೆ ಗುಳುಗುಳು ನಗು. ನಡುವೆ ಹನಿ ಇಳಿಯುವ ಸದ್ದು. ಅಷ್ಟರಲ್ಲಿ ಕೂಸು ಮೊದಲವ್ವನ ಸೀರೆಯ ಮೇಲೆ ಕಪ್ಪು ಹಸಿರು ಬಣ್ಣದಲ್ಲಿ ಕಕ್ಕ ಮಾಡಿಬಿಟ್ಟಿತು. ಮೊದಲವ್ವ ಮತ್ತೂ ಗಾಬರಿಯಾದಳು. ಗಾಳಿ ಬಿದ್ದು ಬಿದ್ದು ನಕ್ಕಳು.

"ಏನೂ ಆಗಿಲ್ಲ ಕಣವ್ವ" ಎಂದಳು. "ಈ ಬಣ್ಣ ಮಗಳು ಅವ್ವಂಗೆ ಕಳಿಸಿದ್ದು. ಹೊಟ್ಟೆ ದುಂಡಗಿರೋದು, ಒಳಗೆ ಇಬ್ರೂ ಒಂದೇ ಕೋಣೇಲಿ ಅವ್ರೆ ಅಂತ. ಹಂಗೇ ಇರ್ಲಿ ಬುಡು, ಕೂಸು ಬೆಳುದ್ರೆ ಕೋಣೇನೂ ಬೆಳೀತದೆ."

ಮೊದಲವ್ವ ಕೂಸಿಗೆ ಹಾಲೂಡಿಸಿದಳು. ಮೊದಲ ಗುಟುಕು ಕರುಳವ್ವನ ಕೈ ಸೇರಿತು. ಅವಳು ಅದನ್ನು ಕೊಟ್ಟ ಮಾತಿನಂತೆ ಮಗಳ ಮನೆಗೆ ಕಳಿಸಿದಳು. ಆ ಲೋಕದಲ್ಲಿ ಮೊದಲ ಹಾಲಿನ ರುಚಿ ನೋಡಿದವಳು ಈಲಿ.

ಬುತ್ತಿಯಜ್ಜಿಯ ಕುಡಿಕೆಯನ್ನು ಅವಳು ಎಸೆಯಲಿಲ್ಲ. ಮೂಳೆಗಳಿಗೆ ಎಂದಾದರೂ ಕೈಲಾಗದ ದಿನ ಬಂದರೆ, ಅವಳು ಮತ್ತೆ ಕೂತು, ಕುಡಿಕೆಯ ತಳದಲ್ಲಿ ಅಂಟಿದ ಚೂರಿನಿಂದಲೇ ಸಿಹಿನೀರಿಗೆ ಹೆಪ್ಪು ಹಾಕುವುದುಂಟು. ಆಗ ಬೆಳಕೋ ಕತ್ತಲೆಯೋ ಎಂದು ಕೇಳುವುದಿಲ್ಲ.

ಅದಕ್ಕೇ ಮಕ್ಕಳೇ, ಇವತ್ತಿಗೂ ಎಣ್ಣೆ ಹಚ್ಚಿ ನೀರು ಹಾಕಿ ಮಲಗಿಸಿದ ಎಳೆಗೂಸಿನ ಹೊಟ್ಟೆ ಗಡಿಗೆಯ ಹಾಗೆ ದುಂಡಗಿರುತ್ತದೆ. ಅದರ ನಡುವೆ ಇರುವ ಹೊಕ್ಕುಳೇ ಅವ್ವ ಒಳಗೆ ಬಂದ ಮೇಲೆ ಮುಚ್ಚಿಕೊಂಡ ಬಾಗಿಲು.